ಸಂಘದ ಸಭೆಯಲ್ಲಿ ಎಲ್ಲರೂ ಬಾಯಿ ಬಿಡಬೇಕಾದರೆ



ಕಳೆದ ಸಂಚಿಕೆಯಲ್ಲಿ ಕೆಚ್ಚಲು ಬಾವಿನ ಬಗ್ಗೆ ಬರೆದಿದ್ದೆ. ಈ ಸಲವೂ ಅದರ ಸುತ್ತಲೇ ಬರೆಯುತ್ತಿದ್ದೇನೆ. ಆದರೆ ಕೊಟ್ಟಿಗೆಯನ್ನು ಬಿಟ್ಟು ಡೇರಿಯ ಸಭೆಯ ಒಳಗೆ ಬರೋಣ. ಯಾವ ಮಹಿಳಾ ಸಂಘಕ್ಕೆ ಹೋದರೂ ಅಧ್ಯಕ್ಷೆಯರು, ಕಾರ್ಯದರ್ಶಿಗಳು ನನ್ನ ಹತ್ತಿರ ಒಂದು ಮಾತು ಹೇಳುತ್ತಾರೆ: "ಮೇಡಂ, ಸಭೆಗೇನೋ ಎಲ್ರೂ ಬರ್ತಾರೆ. ಆದ್ರೆ ಮಾತಾಡೋದು ಅದೇ ಮೂರು ಜನ. ಉಳಿದವರು ಸಹಿ ಹಾಕಿ ಎದ್ದು ಹೋಗ್ತಾರೆ."

ಇದಕ್ಕೆ ಔಷಧ ನನಗೂ ಗೊತ್ತಿರಲಿಲ್ಲ. ಪಶುವೈದ್ಯಕೀಯ ಕಾಲೇಜಿನಲ್ಲಿ ಹಸುವಿನ ಹೊಟ್ಟೆಯ ನಾಲ್ಕು ಭಾಗಗಳನ್ನು ಬಿಡಿಸಿ ಕಲಿಸಿದರು. ವಿಸ್ತರಣಾ ಶಿಕ್ಷಣ ಅಂತ ಒಂದು ವಿಷಯವೂ ಇತ್ತು. ಪರೀಕ್ಷೆಗೆ ಓದಿ ಮರೆತೆ. ಮೂವತ್ತು ಹೆಂಗಸರ ಮುಂದೆ ಕುಳಿತು ಅವರಿಂದ ಮಾತು ಹೊರಡಿಸುವುದು ಹೇಗೆ ಎಂಬುದನ್ನು ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ, ಅದೂ ಒಂದು ದೊಡ್ಡ ತಪ್ಪು ಮಾಡಿದ ಮೇಲೆ. ಆ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ.

ಒಂದು ಊರು. ಹೆಸರು ಬೇಡ. ಅಲ್ಲಿನ ಮಹಿಳಾ ಸಂಘದ ಒಂದು ಹೊತ್ತಿನ ಹಾಲು ಪರೀಕ್ಷೆಯಲ್ಲಿ ಆ್ಯಂಟಿಬಯಾಟಿಕ್ ಅಂಶವಿದೆ ಎಂದು ತಿರಸ್ಕೃತವಾಯಿತು. ಯಾರೋ ಚಿಕಿತ್ಸೆಯಲ್ಲಿರುವ ಹಸುವಿನ ಹಾಲನ್ನು ಹಾಕಿದ್ದರು. ಎಲ್ಲರ ಹಾಲೂ ಒಂದೇ ಕಡೆ ಸೇರುವುದರಿಂದ ಎಲ್ಲರ ದುಡ್ಡೂ ಹೋಯಿತು. ಸಭೆ ಕರೆದರು, ನನ್ನನ್ನೂ ಕರೆದರು. ನಾನು ಮೈಕ್ ಹಿಡಿದು ನಲವತ್ತು ನಿಮಿಷ ಮಾತಾಡಿದೆ. ಕೆಚ್ಚಲು ಬಾವು ಹೇಗೆ ಬರುತ್ತದೆ, ಔಷಧ ಹಾಲಿನಲ್ಲಿ ಎಷ್ಟು ದಿನ ಉಳಿಯುತ್ತದೆ, ಕುಡಿಯುವ ಮಕ್ಕಳಿಗೆ ಏನಾಗುತ್ತದೆ, ಎಲ್ಲವನ್ನೂ ಹೇಳಿದೆ. ಕೊನೆಗೆ "ಒಬ್ಬರು ಮಾಡಿದ ತಪ್ಪಿಗೆ ಅರವತ್ತು ಮನೆಯವರು ದಂಡ ಕಟ್ಟುವ ಹಾಗಾಯಿತು" ಎಂದೆ. ಎಲ್ಲರೂ ಹೂಂಗುಟ್ಟಿದರು. ಅರ್ಥವಾಯಿತಾ ಅಂದರೆ ಆಯಿತು ಅಂದರು. ಟೀ ಬಿಸ್ಕತ್ತು ಆಯಿತು. ನಾನು ಚೆನ್ನಾಗಿ ಮಾತಾಡಿದೆ ಅಂದುಕೊಂಡೇ ಬೈಕ್ ಹತ್ತಿದೆ.

ಮೂರು ವಾರಕ್ಕೆ ಮತ್ತೆ ಹಾಲು ತಿರಸ್ಕೃತವಾಯಿತು.

ಎರಡನೇ ಸಲ ಹೋದಾಗ, ಹಾಲು ಅಳೆಯುವ ಮೇಜಿನ ಪಕ್ಕ ಕುಳಿತಿದ್ದ ಹಿರಿಯ ಅಜ್ಜಿಯೊಬ್ಬರು, "ಡಾಕ್ಟ್ರಮ್ಮ, ಅವತ್ತು ನೀವು ಹೇಳಿದ್ದೆಲ್ಲ ಸರಿಯಾಗೇ ಹೇಳಿದ್ರಿ. ಆದ್ರೆ ಒಂದು ಮಾತೂ ಕೇಳ್ಲಿಲ್ಲ" ಅಂದರು. ಪ್ರಶ್ನೆ ಹಾಕಲಿಲ್ಲ ಅಂದರೋ, ಕಿವಿಗೊಡಲಿಲ್ಲ ಅಂದರೋ ತಿಳಿಯಲಿಲ್ಲ. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು, ಕೇಳುವುದು. ನಾನು ಎರಡನ್ನೂ ಮಾಡಿರಲಿಲ್ಲ.

ಅಮೆರಿಕದ ಗೃಹಿಣಿಯರ ಕಥೆ

ಸಮಾಜಕಾರ್ಯ ಓದಿದ ನನ್ನ ಗೆಳತಿಯೊಬ್ಬಳಿಗೆ ಇದನ್ನು ಹೇಳಿದಾಗ ಅವಳು ನಕ್ಕಳು. ಅವರ ಓದಿನಲ್ಲಿ ಗುಂಪು ನಡೆಸುವುದೇ ಒಂದು ಪಾಠವಂತೆ. ಗುಂಪು ನಡೆಸುವವರನ್ನು ಅವರು ಸುಗಮಕಾರರು ಎನ್ನುತ್ತಾರೆ. ದಾರಿ ಸುಗಮ ಮಾಡಿಕೊಡುವವರು, ಮುಂದೆ ನಿಂತು ಎಳೆಯುವವರಲ್ಲ. ಅವಳು ಹೇಳಿದ ಒಂದು ಪ್ರಯೋಗವನ್ನು ನಿಮಗೂ ಹೇಳಬೇಕು, ಯಾಕೆಂದರೆ ಅದರಲ್ಲಿ ಇದ್ದವರೂ ಮನೆ ನಡೆಸುವ ಹೆಂಗಸರೇ.

ಎರಡನೇ ಮಹಾಯುದ್ಧದ ಕಾಲ. ಅಮೆರಿಕದಲ್ಲಿ ಮಾಂಸದ ಕೊರತೆ ಬರುವ ಭಯವಿತ್ತು. ಜನ ಅಷ್ಟಾಗಿ ತಿನ್ನದ ಗುಂಡಿಗೆ, ಮೂತ್ರಪಿಂಡದಂಥ ಭಾಗಗಳನ್ನು ಮನೆಗಳಲ್ಲಿ ಅಡುಗೆ ಮಾಡಿಸಬೇಕು ಎಂದು ಸರ್ಕಾರಕ್ಕೆ ಅನ್ನಿಸಿತು. ಅಯೋವಾ ವಿಶ್ವವಿದ್ಯಾಲಯದಲ್ಲಿದ್ದ ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞರು ಗೃಹಿಣಿಯರ ಆರು ಗುಂಪು ಮಾಡಿದರು. ಒಂದೊಂದರಲ್ಲಿ 13ರಿಂದ 17 ಜನ. ಮೂರು ಗುಂಪಿಗೆ ಒಳ್ಳೆಯ ಭಾಷಣ: ಪೌಷ್ಟಿಕಾಂಶ, ಉಳಿತಾಯ, ದೇಶಸೇವೆ, ಜೊತೆಗೆ ಅಡುಗೆ ಮಾಡುವ ವಿಧಾನ ಅಚ್ಚು ಹಾಕಿದ ಹಾಳೆ. ಉಳಿದ ಮೂರು ಗುಂಪಿನಲ್ಲಿ ಭಾಷಣವಿಲ್ಲ. "ನಿಮ್ಮಂಥ ಗೃಹಿಣಿಯರಿಗೆ ಇದನ್ನು ಮಾಡಲು ಏನು ಅಡ್ಡಿಯಾಗುತ್ತದೆ?" ಎಂದು ಕೇಳಿ ಅವರನ್ನೇ ಮಾತಾಡಲು ಬಿಟ್ಟರು. ಗಂಡನಿಗೆ ಹಿಡಿಸುವುದಿಲ್ಲ, ಬೇಯಿಸುವಾಗ ವಾಸನೆ ಬರುತ್ತದೆ ಎಂಬ ಮಾತುಗಳು ಬಂದವು. ವಾಸನೆಗೆ ಏನು ಮಾಡಬಹುದು ಎಂದು ಅವರೇ ಕೇಳಿದ ಮೇಲೆಯೇ ತಜ್ಞೆ ಬಾಯಿ ಬಿಟ್ಟರು. ಕೊನೆಗೆ, ಮುಂದಿನ ವಾರದಲ್ಲಿ ಒಮ್ಮೆ ಮಾಡಿ ನೋಡುವವರು ಕೈ ಎತ್ತಿ ಎಂದರು. ಎರಡು ಬಗೆಯ ಸಭೆಗೂ ಹಿಡಿದದ್ದು ಮುಕ್ಕಾಲು ಗಂಟೆ.

ನಂತರ ಮನೆ ಮನೆಗೆ ಹೋಗಿ ವಿಚಾರಿಸಿದರು. ಭಾಷಣ ಕೇಳಿದವರಲ್ಲಿ ಆ ಹೊಸ ಅಡುಗೆ ಮಾಡಿದವರು ನೂರಕ್ಕೆ 3. ಮಾತಾಡಿ ಕೈ ಎತ್ತಿದ ಗುಂಪುಗಳಲ್ಲಿ ನೂರಕ್ಕೆ 32.

ಮನೆಯಲ್ಲಿ ಹಾಲಿನ ಬಳಕೆ ಹೆಚ್ಚಿಸುವ ಬಗ್ಗೆಯೂ ಇಂಥ ಪ್ರಯೋಗ ನಡೆಯಿತು, ಅಲ್ಲಿಯೂ ಗುಂಪಿನ ತೀರ್ಮಾನವೇ ಭಾಷಣವನ್ನು ಗೆದ್ದಿತು. ಇದರಲ್ಲಿ ಒಂದು ಸೂಕ್ಷ್ಮವಿದೆ. ಬರೀ ಹರಟಿದರೆ ಸಾಕೇ ಎಂದು 1955ರಲ್ಲಿ ಈಡಿತ್ ಬೆನೆಟ್ ಎಂಬವರು ಬಿಡಿಸಿ ನೋಡಿದರು. ಚರ್ಚೆಯೊಂದೇ ಅಷ್ಟು ಕೆಲಸ ಮಾಡುವುದಿಲ್ಲ. ನಾನು ಮಾಡುತ್ತೇನೆ ಎಂದು ತೀರ್ಮಾನಿಸುವುದು, ಉಳಿದವರೂ ಹಾಗೇ ತೀರ್ಮಾನಿಸಿದ್ದಾರೆ ಎಂದು ಕಾಣುವುದು, ಇವೇ ಮುಖ್ಯ ಎಂದು ಕಂಡಿತು. ನಮ್ಮ ಎಷ್ಟೋ ಸಭೆಗಳು ಗಂಟೆಗಟ್ಟಲೆ ನಡೆದೂ ಏನೂ ಆಗದಿರುವುದಕ್ಕೆ ಕಾರಣ ಇಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಮಾತು ಬೇಕಾದಷ್ಟು ಆಗಿರುತ್ತದೆ, ಕೈ ಎತ್ತುವ ಹೊತ್ತಿಗೆ ಅರ್ಧ ಜನ ಚಪ್ಪಲಿ ಹುಡುಕುತ್ತಿರುತ್ತಾರೆ.

ಹುಣಸೆ ಬೀಜ, ಅವರೆಕಾಳು

ಮತ್ತೆ ಆ ಊರಿಗೆ ಬರೋಣ. ಈ ಸಲ ಮೈಕ್ ಬೇಡ ಅಂದೆ. ಕುರ್ಚಿಗಳನ್ನೂ ತೆಗೆಸಿದೆ, ಅಧ್ಯಕ್ಷೆಗೆ, ನನಗೆ ಕುರ್ಚಿ ಹಾಕಿ ಉಳಿದವರನ್ನು ಚಾಪೆಯ ಮೇಲೆ ಕೂರಿಸಿದರೆ ಮಾತು ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುತ್ತದೆ. ಎಲ್ಲರೂ ಒಂದೇ ಜಮಖಾನದ ಮೇಲೆ ದುಂಡಗೆ ಕುಳಿತೆವು. ಹಾಗೆ ಕುಳಿತ ಮೇಲೆ ಮೊದಲ ಸಲ ನಾನು ಕಾಣದ ಒಂದು ವಿಷಯ ಕಂಡಿತು. ಒಂದು ಕೇರಿಯವರು ಯಾವಾಗಲೂ ಬಾಗಿಲ ಹತ್ತಿರ, ಗೋಡೆಗೆ ಒತ್ತಿಕೊಂಡು ಕೂರುತ್ತಿದ್ದರು. ಅವರನ್ನು ಹೆಸರು ಹಿಡಿದು "ಮುಂದೆ ಬನ್ನಿ" ಅಂದರೆ ಎಲ್ಲರ ಕಣ್ಣೂ ಅವರ ಮೇಲೆ ಬೀಳುತ್ತದೆ. ಅದರ ಬದಲು ನಾನೇ ಹೋಗಿ ಅವರ ನಡುವೆ ಕುಳಿತೆ. ವೃತ್ತ ತಾನಾಗಿ ಅತ್ತ ಸರಿಯಿತು.

ಸಮಯವನ್ನೂ ಬದಲಿಸಿದ್ದೆವು. ಮೊದಲ ಸಭೆ ಬೆಳಿಗ್ಗೆ ಹಾಲು ಹಾಕಿದ ಕೂಡಲೇ ಇತ್ತು. ಆಗ ಮಕ್ಕಳನ್ನು ಶಾಲೆಗೆ ಕಳಿಸಬೇಕು, ಹುಲ್ಲಿಗೆ ಹೋಗಬೇಕು, ಯಾರಿಗೂ ಕೂರುವ ಮನಸ್ಸಿಲ್ಲ. ಮಧ್ಯಾಹ್ನ ಎರಡಕ್ಕೆ ಇಟ್ಟುಕೊಂಡರೆ ಮೂರೂಕಾಲರ ತನಕ ಮನಸ್ಸು ಸಭೆಯಲ್ಲಿರುತ್ತದೆ, ಆಮೇಲೆ ಅದು ಕೊಟ್ಟಿಗೆ ಸೇರುತ್ತದೆ.

ಇನ್ನು ಪ್ರಶ್ನೆ. "ಚಿಕಿತ್ಸೆ ಮಾಡಿಸಿದ ಹಸುವಿನ ಹಾಲನ್ನು ಯಾರು ಹಾಕಿದಿರಿ?" ಎಂದು ಕೇಳಿದರೆ ಅದು ಪೊಲೀಸ್ ಸ್ಟೇಷನ್ನಿನ ಪ್ರಶ್ನೆ. "ಔಷಧ ಹಾಕಿದ ಹಸುವಿನ ಹಾಲು ಡೇರಿಗೆ ಹಾಕಬಹುದಾ?" ಎಂದರೆ ಅದು ಶಾಲೆಯ ಪ್ರಶ್ನೆ, ಎಲ್ಲರೂ ಒಟ್ಟಿಗೆ "ಇಲ್ಲಾ" ಅನ್ನುತ್ತಾರೆ. ನಾನು ಕೇಳಿದ್ದು ಇದು: "ನಿಮ್ಮ ಹಸುವಿಗೆ ಕೆಚ್ಚಲು ಬಾವು ಬಂದಾಗ ನಿಮಗೆ ತುಂಬಾ ಕಷ್ಟ ಅನ್ನಿಸಿದ್ದು ಏನು?"

ಕೇಳಿ ಸುಮ್ಮನಾದೆ. ಇದು ಹೇಳಿದಷ್ಟು ಸುಲಭವಲ್ಲ. ಮೌನ ಐದು ಸೆಕೆಂಡ್ ದಾಟಿದರೆ ನಮಗೆ ಮುಜುಗರ ಶುರುವಾಗಿ ನಾವೇ ಉತ್ತರ ಹೇಳಿಬಿಡುತ್ತೇವೆ. ಮನಸ್ಸಿನಲ್ಲಿ ಒಂದರಿಂದ ಇಪ್ಪತ್ತು ಎಣಿಸಿ. ನಾನು ಹದಿನಾಲ್ಕಕ್ಕೆ ಬಂದಿದ್ದೆ, ಒಬ್ಬರು "ಬಟವಾಡೆ" ಅಂದರು. ಅಷ್ಟೇ, ಒಂದೇ ಪದ. ಪಕ್ಕದವರು ಅದನ್ನು ಹಿಡಿದುಕೊಂಡರು: "ಹೂಂ ಕಣ್ರೀ, ಐದು ದಿನ ಹಾಲು ಚೆಲ್ಲಿದ್ರೆ ಬಟವಾಡೇಲಿ ಸಾಲದ ಕಂತು ಮುರ್ಕೊಂಡು ಏನ್ ಉಳೀತದೆ?" ಆಮೇಲೆ ನಾನು ಮಾತಾಡಬೇಕಾಗಿ ಬರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಒಂದು ಮಣ್ಣಿನ ಮಡಕೆಯ ಬಾಯಿಗೆ ಬಟ್ಟೆ ಮುಚ್ಚಿ ನಡುವೆ ಇಟ್ಟೆ. ಪ್ರತಿಯೊಬ್ಬರಿಗೂ ಒಂದು ಹುಣಸೆ ಬೀಜ, ಒಂದು ಅವರೆಕಾಳು ಕೊಟ್ಟೆ. "ಗೊತ್ತಿದ್ದೋ ಗೊತ್ತಿಲ್ಲದೆಯೋ, ಚಿಕಿತ್ಸೆ ಸಮಯದಲ್ಲಿ ಒಂದು ಸಲವಾದರೂ ಹಾಲು ಹಾಕಿದ್ದರೆ ಅವರೆಕಾಳು ಹಾಕಿ. ಇಲ್ಲದಿದ್ದರೆ ಹುಣಸೆ ಬೀಜ. ಉಳಿದದ್ದನ್ನು ಸೆರಗಿನಲ್ಲಿ ಕಟ್ಟಿಕೊಳ್ಳಿ, ಯಾರಿಗೂ ತೋರಿಸಬೇಡಿ." ಮುಷ್ಟಿ ಮುಚ್ಚಿಕೊಂಡು ಬಟ್ಟೆಯೊಳಗೆ ಕೈ ಇಟ್ಟು ಹಾಕಿದರು. ಮಡಕೆ ಬಗ್ಗಿಸಿ ಎಣಿಸಿದೆವು. ಮೂವತ್ತನಾಲ್ಕು ಜನರಲ್ಲಿ ಹನ್ನೊಂದು ಅವರೆಕಾಳು.

"ಒಬ್ಬರು ಮಾಡಿದ ತಪ್ಪು" ಎಂದು ನಾನು ಮೈಕಿನಲ್ಲಿ ಹೇಳಿದ್ದೆನಲ್ಲ.

ಆ ಹನ್ನೊಂದು ಕಾಳು ನೆಲದ ಮೇಲೆ ಬಿದ್ದ ಮೇಲೆ ಕೋಣೆ ಹಗುರವಾಯಿತು. ಒಬ್ಬರು ತಾವಾಗಿ, "ನಾನು ಹಾಕಿದ್ದೆ. ಬಾವು ಬಂದ ತೊಟ್ಟಿನ ಹಾಲು ಚೆಲ್ಲಿ ಉಳಿದ ಮೂರು ತೊಟ್ಟಿನದು ಮಾತ್ರ ಹಾಕಿದೆ. ಅದು ಚೆನ್ನಾಗೇ ಇತ್ತಲ್ಲ?" ಅಂದರು. ನಾಲ್ಕೈದು ಜನ ತಲೆಯಾಡಿಸಿದರು, ಅವರೂ ಹಾಗೇ ಮಾಡಿದ್ದರು. ನನ್ನ ನಲವತ್ತು ನಿಮಿಷದ ಭಾಷಣದಲ್ಲಿ ಈ ಒಂದು ಮಾತು ಇರಲಿಲ್ಲ! ಒಂದು ತೊಟ್ಟಿಗೆ ಟ್ಯೂಬ್ ಹಾಕಿದರೂ ಔಷಧ ರಕ್ತದ ಮೂಲಕ ಬೇರೆ ತೊಟ್ಟುಗಳ ಹಾಲಿಗೂ ಬರಬಹುದು. ಆದ್ದರಿಂದ ನಾಲ್ಕೂ ತೊಟ್ಟಿನ ಹಾಲನ್ನು ಬಿಡಬೇಕು. ಸೂಜಿ ಹಾಕಿಸಿದರೂ ಅಷ್ಟೇ. ನನಗೆ ಇದು ಎಷ್ಟು ಸಹಜವಾಗಿ ಗೊತ್ತಿತ್ತೆಂದರೆ ಹೇಳಬೇಕು ಅಂತಲೇ ಹೊಳೆದಿರಲಿಲ್ಲ.

ಇನ್ನೊಬ್ಬರು ಟ್ಯೂಬ್ ಹಾಕಿಸಿದ ಹಸುವಿನ ಹಾಲಿಗೆ ಹೆಪ್ಪು ಹಾಕಿದಾಗ ಮೊಸರೇ ಆಗಲಿಲ್ಲ ಎಂದರು. ಸರಿಯಾದ ಮಾತು, ಮೊಸರು ಮಾಡುವ ಜೀವಾಣುಗಳನ್ನೂ ಆ ಔಷಧ ಕೊಲ್ಲುತ್ತದೆ. (ಹಾಗಂತ ಮೊಸರಾಯಿತು, ಇನ್ನು ಡೇರಿಗೆ ಹಾಕಬಹುದು ಎಂದು ತಿಳಿಯಬೇಡಿ. ಔಷಧ ಸ್ವಲ್ಪವೇ ಇದ್ದಾಗ ಮೊಸರು ಆಗಿಬಿಡುತ್ತದೆ.) ಆ ಕೋಣೆಯಲ್ಲಿ ನನಗಿಂತ ಒಳ್ಳೆಯ ಉದಾಹರಣೆ ಅವರ ಅಡುಗೆಮನೆಯಲ್ಲೇ ಇತ್ತು.

ಕೊನೆಗೆ ಒಬ್ಬ ಹುಡುಗಿ, ಹೊಸದಾಗಿ ಮದುವೆಯಾಗಿ ಬಂದವಳು, ಅತ್ತೆಯ ಹಿಂದೆ ಕುಳಿತಿದ್ದವಳು, "ಮೇಡಂ, ನೀವು ಚೀಟೀಲಿ ಔಷಧದ ಹೆಸರು ಬರೀತೀರ. ಎಷ್ಟು ದಿನ ಹಾಲು ಹಾಕಬಾರದು ಅಂತ ಬರೆಯಲ್ಲ" ಅಂದಳು. ನಾನು ಬಾಯಲ್ಲಿ ಹೇಳುತ್ತಿದ್ದೆ, ಅದೂ ಹಸು ಒದೆಯುತ್ತಿರುವಾಗ, ಮನೆಯ ಗಂಡಸರಿಗೆ. ಅಂದಿನಿಂದ ಚೀಟಿಯ ಮೇಲೆ ತಾರೀಖು ಹಾಕಿ "ಇಂಥ ದಿನದ ಸಂಜೆಯವರೆಗೆ ಡೇರಿಗೆ ಹಾಲು ಬೇಡ" ಎಂದು ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ. ಔಷಧಕ್ಕೆ ತಕ್ಕಂತೆ ಆ ದಿನಗಳು ಬದಲಾಗುತ್ತವೆ. ನಿಮ್ಮ ಹಸುವನ್ನು ಯಾವ ವೈದ್ಯರೇ ನೋಡಲಿ, ಆ ತಾರೀಖನ್ನು ಕೇಳಿ ಬರೆಸಿಕೊಳ್ಳಿ.

ಮಾತು ಜಾಸ್ತಿ ಆಡುವವರು, ಜಗಳ ಮತ್ತು ಮತ ಹಾಕಬಾರದ ವಿಷಯ

ಪ್ರತಿ ಸಂಘದಲ್ಲೂ ಎಲ್ಲದಕ್ಕೂ ಮೊದಲು ಉತ್ತರ ಹೇಳುವ ಒಬ್ಬ ಅಕ್ಕ ಇರುತ್ತಾರೆ. ಅವರ ಮೇಲೆ ಕೋಪ ಬೇಡ, ಎಷ್ಟೋ ಸಂಘ ನಿಂತಿರುವುದೇ ಅಂಥವರಿಂದ. "ಅಕ್ಕ, ನಿಮ್ಮ ಮಾತು ಬಂತು, ಈಗ ಆ ಕಡೆಯವರದ್ದು ಕೇಳೋಣ" ಎಂದರೆ ಸಾಮಾನ್ಯವಾಗಿ ಸಾಕು. ಸಾಲದಿದ್ದರೆ ಯಾರು ಏನು ಹೇಳಿದರು ಎಂದು ಬರೆದುಕೊಳ್ಳುವ ಕೆಲಸ ಅವರಿಗೇ ಕೊಡಿ, ಬರೆಯುವವರು ಕೇಳಿಸಿಕೊಳ್ಳಲೇಬೇಕು. ಮಾತಾಡದವರಿಗೆ "ನೀವ್ಯಾಕೆ ಸುಮ್ನಿದೀರ?" ಎಂದು ಎಲ್ಲರೆದುರು ಕೇಳುವುದು ಕ್ರೂರ. ಪಕ್ಕದವರ ಜೊತೆ ಎರಡು ನಿಮಿಷ ಮಾತಾಡಿಕೊಳ್ಳಿ ಎಂದು ಎಲ್ಲರಿಗೂ ಹೇಳಿ. ಇಪ್ಪತ್ತು ಜನರ ಮುಂದೆ ಬಾಯಿ ಬಿಡದವರು ಒಬ್ಬರ ಕಿವಿಯಲ್ಲಿ ಹೇಳುತ್ತಾರೆ, ಆ ಒಬ್ಬರು ಅದನ್ನು ಎಲ್ಲರಿಗೂ ಹೇಳುತ್ತಾರೆ. ಸೊಸೆಯನ್ನು ಅತ್ತೆಯ ಜೊತೆ ಜೋಡಿ ಮಾಡಬೇಡಿ, ಅಷ್ಟೇ.

ಜಗಳವಾದರೆ ಸಭೆ ಕೆಟ್ಟಿತು ಎಂದು ಹೆದರಬೇಕಾಗಿಲ್ಲ. ಬ್ರೂಸ್ ಟಕ್‌ಮನ್ ಎಂಬ ಅಮೆರಿಕದ ವಿದ್ವಾಂಸರು 1965ರಲ್ಲಿಯೇ ಬರೆದಿದ್ದಾರೆ: ಗುಂಪು ಮೊದಲು ಸೇರುತ್ತದೆ, ಆಮೇಲೆ ಜಟಾಪಟಿ ಮಾಡುತ್ತದೆ, ಆಮೇಲೆ ತನ್ನ ಕಟ್ಟುಪಾಡು ಮಾಡಿಕೊಳ್ಳುತ್ತದೆ, ಆಮೇಲೆಯೇ ಕೆಲಸ ಮಾಡುತ್ತದೆ. ಜಿಡ್ಡಿನ ಪರೀಕ್ಷೆಯ ಬಗ್ಗೆ ನಿಮ್ಮ ಸಂಘದಲ್ಲಿ ಕೂಗಾಟ ಆಗುತ್ತಿದ್ದರೆ ಸದಸ್ಯೆಯರಿಗೆ ಸಂಘ ತಮ್ಮದು ಅನ್ನಿಸಿದೆ ಎಂದರ್ಥ. ಜಗಳ ಮನುಷ್ಯರ ಮೇಲೆ ಹೋಗದಂತೆ ವಿಷಯದ ಮೇಲೆ ಹಿಡಿದಿಡಿ. "ಅವಳು ನೀರು ಬೆರೆಸ್ತಾಳೆ" ಎಂಬ ಮಾತು ಬಂದರೆ, "ನೀರು ಬೆರೆತ ಹಾಲು ಬಂದರೆ ಸಂಘ ಏನು ಮಾಡಬೇಕು ಎಂದು ಮಾತಾಡೋಣ" ಎಂದು ತಿರುಗಿಸಿ. ಯಾರದೇ ಮನೆಯ ವಿಚಾರ, ಸಾಲ, ಗಂಡನ ಕುಡಿತ ಸಭೆಯಲ್ಲಿ ಹೊರಬಂದರೆ ಅಲ್ಲಿಗೇ ನಿಲ್ಲಿಸಿ, ಸಭೆ ಮುಗಿದ ಮೇಲೆ ಅವರೊಬ್ಬರ ಜೊತೆ ಮಾತಾಡಿ.

ಒಂದು ವಿಷಯದಲ್ಲಿ ನಾನು ಸಮಾಜಕಾರ್ಯದ ಗೆಳತಿಯ ಜೊತೆ ಸ್ವಲ್ಪ ಜಗಳವಾಡಿದೆ. ಗುಂಪೇ ಎಲ್ಲವನ್ನೂ ತೀರ್ಮಾನಿಸಲಿ ಎಂಬುದು ಅವಳ ವಾದ. ಆದರೆ ಆ್ಯಂಟಿಬಯಾಟಿಕ್ ಇರುವ ಹಾಲು ಹಾಕಬಹುದೇ ಎಂಬುದಕ್ಕೆ ಮತ ಹಾಕಲು ಬರುವುದಿಲ್ಲ. ಆ ಸಭೆಯಲ್ಲಿ ಒಬ್ಬರು "ಕುದಿಸಿ ಹಾಕಿದರೆ ಆಗದಾ?" ಎಂದಾಗ ಹಲವರು ಒಪ್ಪಿದರು. ನಾನು ಸುಮ್ಮನಿರಲಿಲ್ಲ, ಕುದಿಸಿದರೂ ಔಷಧದ ಅಂಶ ಪೂರ್ತಿ ಹೋಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ. ಹಾಕಬಾರದು ಎಂಬುದು ಗಟ್ಟಿ. ಹಾಕದೆ ಇರಲು ನಮ್ಮ ಸಂಘದಲ್ಲಿ ಏನು ಏರ್ಪಾಡು ಬೇಕು ಎಂಬುದು ಗುಂಪಿನ ತೀರ್ಮಾನ. ಹಾಗೆಯೇ ಈ ತಿಂಗಳ ಸಭೆಯನ್ನು ವಾರ್ಷಿಕ ಮಹಾಸಭೆಯ ಜೊತೆ ಬೆರೆಸಬೇಡಿ. ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ ನಡೆಯುವ ಆ ಸಭೆಗೆ ಅದರದೇ ನೋಟಿಸು, ವಿಷಯಪಟ್ಟಿ, ಮತದಾನ ಇದೆ.

ಆ ಊರಿನವರು ಮಾಡಿಕೊಂಡ ಏರ್ಪಾಡು ಇದು. ಹಸುವಿಗೆ ಚಿಕಿತ್ಸೆ ಶುರುವಾದ ದಿನವೇ ಕಾರ್ಯದರ್ಶಿಗೆ ಹೇಳುವುದು. ಡೇರಿಯಲ್ಲಿ ಒಂದು ಪುಸ್ತಕ, ಅದರಲ್ಲಿ ಪಾಸ್‌ಬುಕ್ ನಂಬರು ಮತ್ತು ಮತ್ತೆ ಹಾಲು ತರಬಹುದಾದ ತಾರೀಖು ಮಾತ್ರ. ಆ ದಿನಗಳಲ್ಲಿ ಸಂಘದ ಕೈಸಾಲದ ಕಂತು ಮುರಿದುಕೊಳ್ಳದೆ ಮುಂದಿನ ಬಟವಾಡೆಗೆ ಹಾಕುವುದು. ಈ ಕೊನೆಯದು ನನ್ನ ತಲೆಗೆ ಯಾವತ್ತೂ ಹೊಳೆಯುತ್ತಿರಲಿಲ್ಲ. ಮೊದಲು "ಬಟವಾಡೆ" ಅಂದಿದ್ದವರೇ ಸೂಚಿಸಿದ್ದು. ಕಾರ್ಯದರ್ಶಿ ಅದನ್ನು ಅವರ ಮಾತಿನಲ್ಲೇ ಬರೆದು ಗಟ್ಟಿಯಾಗಿ ಓದಿದರು. ಒಪ್ಪುವವರು ಕೈ ಎತ್ತಿ ಎಂದಾಗ ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡು ಕೈ ಎತ್ತಿದರು. ಆ ನೋಡಿಕೊಳ್ಳುವುದಕ್ಕೆ ಒಂದು ಗಳಿಗೆ ಬಿಡಿ, ಅವಸರದಲ್ಲಿ "ಸರ್ವಾನುಮತ" ಎಂದು ಬರೆದುಕೊಳ್ಳಬೇಡಿ.

ಎದ್ದು ಹೊರಡುವಾಗ ಬಾಗಿಲ ಹತ್ತಿರದ ಸಾಲಿನಲ್ಲಿದ್ದ ಒಬ್ಬರು ಹಿಂದೆ ಉಳಿದರು. ಮೂರು ವಾರದಿಂದ ಅವರು ಡೇರಿಗೆ ಹಾಲು ಹಾಕುತ್ತಿರಲಿಲ್ಲ. ನನ್ನ ಮೊದಲ ಭಾಷಣ ಆದ ದಿನ, ಆ "ಒಬ್ಬರು" ಅವರೇ ಎಂದು ಊರು ತೀರ್ಮಾನಿಸಿತ್ತು. ಅವರ ಹಸುವಿಗೆ ಆ ತಿಂಗಳು ಯಾವ ಸೂಜಿಯೂ ಬಿದ್ದಿರಲಿಲ್ಲ. ಕ್ಯಾನಿನ ಮುಂದೆ ನಿಂತರೆ ಮುಖ ನೋಡುತ್ತಾರೆ ಎಂದು ಹೋಟೆಲಿಗೆ ಕಡಿಮೆ ದರಕ್ಕೆ ಹಾಲು ಕೊಡುತ್ತಿದ್ದರಂತೆ. "ನಾನೂ ಹುಣಸೆ ಬೀಜ ಹಾಕ್ದೆ ಮೇಡಂ" ಅಂದು ಸೆರಗು ಬಿಚ್ಚಿ ಉಳಿದ ಅವರೆಕಾಳು ತೋರಿಸಿದರು. ನಾನು ಅವರ ಹತ್ತಿರ ಕ್ಷಮೆ ಕೇಳಿದೆ. ಅಧ್ಯಕ್ಷೆ ಮರುದಿನ ಬೆಳಿಗ್ಗೆ ಅವರ ಮನೆಗೆ ಹೋಗಿ ಜೊತೆಯಲ್ಲೇ ಡೇರಿಗೆ ಕರೆದುಕೊಂಡು ಬಂದರು. ಆ ಮೂರು ವಾರದ ನಷ್ಟವನ್ನು ಮಾತ್ರ ಯಾರೂ ತುಂಬಿಕೊಡಲಿಲ್ಲ.

ನಿಮ್ಮ ಮುಂದಿನ ಸಭೆಗೆ ಮಡಕೆ, ಒಂದು ಹಿಡಿ ಹುಣಸೆ ಬೀಜ, ಒಂದು ಹಿಡಿ ಅವರೆಕಾಳು ತನ್ನಿ. ಕೆಚ್ಚಲು ಬಾವೇ ಆಗಬೇಕಾಗಿಲ್ಲ. ಕರು ಹಾಕಿ ಮೂರು ತಿಂಗಳಾದರೂ ಬೆದೆಗೆ ಬಾರದ ಹಸು ಯಾರ ಮನೆಯಲ್ಲಿದೆ, ಖನಿಜ ಮಿಶ್ರಣದ ಪೊಟ್ಟಣ ಯಾರ ಮನೆಯಲ್ಲಿ ಒಡೆಯದೆ ಕೂತಿದೆ, ಇವನ್ನೂ ಹೀಗೆ ಕೇಳಬಹುದು. ಎಷ್ಟು ಕಾಳು ಬಿದ್ದವು, ಆಮೇಲೆ ಏನು ಮಾತು ಬಂತು ಎಂದು ಬರೆದು ಹಾಲಿನ ವಾಹನದ ಚಾಲಕರ ಕೈಯಲ್ಲಿ ಕಳಿಸಿ. ಹೆಸರು ಬರೆಯಬೇಕಾಗಿಲ್ಲ, ಸಂಘದ ಹೆಸರಿದ್ದರೆ ಸಾಕು.